ಸಣ್ಣ ಉದ್ದಿಮೆಗಳ ಸಾಮಾಜಿಕ ಜಾಲತಾಣ ಪರಿಶೀಲನೆ

ಸಾಮಾಜಿಕ ಜಾಲತಾಣ ಪರಿಶೀಲನೆ ಎಂದರೆ ಒಂದು ಉದ್ದಿಮೆಯು ಸಾಮಾಜಿಕ ಜಾಲತಾಣಗಳಲ್ಲಿ ಹೊಂದಿರುವ ಖಾತೆಗಳು, ಅವುಗಳ ಒಡೆತನ, ಅಲ್ಲಿ ಪ್ರಕಟವಾಗಿರುವ ಮಾಹಿತಿ ಹಾಗೂ ಗ್ರಾಹಕರೊಂದಿಗಿನ ಸಂವಹನವನ್ನು ಕ್ರಮಬದ್ಧವಾಗಿ ಪರೀಕ್ಷಿಸಿ, ಲೋಪಗಳನ್ನು ಸರಿಪಡಿಸುವ ಪ್ರಕ್ರಿಯೆ. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಮಾರಾಟ ಪ್ರಚಾರ ವಿಭಾಗವು ನಿರ್ವಹಿಸುತ್ತದೆ. ಕಿರಾಣಿ ಅಂಗಡಿ, ಉಪಾಹಾರ ಗೃಹ, ಸೀರೆ ಮಳಿಗೆ, ಗೃಹೋದ್ಯಮ ಮುಂತಾದ ಸಣ್ಣ ಉದ್ದಿಮೆಗಳಲ್ಲಿ ಮಾಲೀಕರು ಅಥವಾ ಅವರ ಮನೆಯವರು ಬಿಡುವಿನ ವೇಳೆಯಲ್ಲಿ ಖಾತೆಗಳನ್ನು ನೋಡಿಕೊಳ್ಳುವುದುಂಟು. ಆದ್ದರಿಂದ ಹಳೆಯ ವಿಳಾಸ, ಬದಲಾದ ದೂರವಾಣಿ ಸಂಖ್ಯೆ, ಉತ್ತರ ಕಾಣದ ವಿಚಾರಣೆಗಳು ಬಹುಕಾಲ ಗಮನಕ್ಕೆ ಬಾರದೆ ಉಳಿಯುತ್ತವೆ.

ಹಿನ್ನೆಲೆ

ಫೇಸ್‌ಬುಕ್ 2007ರಲ್ಲಿ ಉದ್ದಿಮೆಗಳಿಗಾಗಿ ಪ್ರತ್ಯೇಕ ಪುಟಗಳನ್ನು ಆರಂಭಿಸಿತು. 2014ರಲ್ಲಿ ಗೂಗಲ್ ಮೈ ಬಿಸಿನೆಸ್ (2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್), 2016ರಲ್ಲಿ ಇನ್‌ಸ್ಟಾಗ್ರಾಮ್‌ನ ವ್ಯಾಪಾರಿ ಖಾತೆಗಳು ಮತ್ತು 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಳಕೆಗೆ ಬಂದವು. ಇವುಗಳಲ್ಲಿ ಖಾತೆ ತೆರೆಯಲು ಶುಲ್ಕವಿಲ್ಲ. ಆದರೆ ನಿಯಮಗಳನ್ನು ರೂಪಿಸುವ ಅಧಿಕಾರ ಆಯಾ ಕಂಪನಿಯದು.

ಒಂದೇ ಜಾಲತಾಣವನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು ಎರಡು ಘಟನೆಗಳು ತೋರಿಸಿಕೊಟ್ಟವು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಗಳಿಸಿದ್ದ ಅನುಯಾಯಿಗಳ ಸಂಪರ್ಕ ಕಡಿದುಹೋಯಿತು. 2021ರ ಅಕ್ಟೋಬರ್ 4ರಂದು ಒಂದೇ ಕಂಪನಿಯ ಒಡೆತನದ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆಗಳ ಕಾಲ ಏಕಕಾಲಕ್ಕೆ ಸ್ಥಗಿತಗೊಂಡವು. ಗ್ರಾಹಕರ ಒಪ್ಪಿಗೆ ಪಡೆದು ಅವರ ಸಂಪರ್ಕ ವಿವರಗಳನ್ನು ಜಾಲತಾಣದ ಹೊರಗೆ ಕಾದಿರಿಸುವುದೂ ಪರಿಶೀಲನೆಯ ಭಾಗವೆನಿಸಲು ಇಂತಹ ಅಡಚಣೆಗಳೇ ಕಾರಣ.

ಪರಿಶೀಲನೆಯ ಹಂತಗಳು

ಖಾತೆಗಳ ಪಟ್ಟಿ: ಉದ್ದಿಮೆಯ ಹೆಸರಿನಲ್ಲಿರುವ ಎಲ್ಲ ಖಾತೆಗಳನ್ನು ಹುಡುಕಿ ಪಟ್ಟಿ ಮಾಡಲಾಗುತ್ತದೆ. ಮರೆತುಹೋದ ಹಳೆಯ ಪುಟಗಳು ಹಾಗೂ ಇತರರು ತೆರೆದ ನಕಲಿ ಖಾತೆಗಳು ಈ ಹಂತದಲ್ಲಿ ಬೆಳಕಿಗೆ ಬರುತ್ತವೆ.

ಒಡೆತನ ಮತ್ತು ಭದ್ರತೆ: ಖಾತೆಯು ಯಾರ ಮಿಂಚಂಚೆ ಹಾಗೂ ದೂರವಾಣಿ ಸಂಖ್ಯೆಗೆ ಜೋಡಣೆಯಾಗಿದೆ ಎಂಬುದು ಮುಖ್ಯ ಪ್ರಶ್ನೆ. ಕೆಲಸ ಬಿಟ್ಟ ನೌಕರರ ಅಥವಾ ಹೊರಗುತ್ತಿಗೆದಾರರ ಹೆಸರಿನಲ್ಲಿ ಮಾತ್ರ ನಿರ್ವಾಹಕ ಅಧಿಕಾರವಿದ್ದರೆ, ಮಾಲೀಕರು ತಮ್ಮದೇ ಪುಟವನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ. ಮಾಲೀಕರ ಹೆಸರಿನಲ್ಲಿ ಪೂರ್ಣ ಅಧಿಕಾರ, ಎರಡು ಹಂತದ ದೃಢೀಕರಣ ಮತ್ತು ಅನಗತ್ಯ ನಿರ್ವಾಹಕರನ್ನು ತೆಗೆದುಹಾಕುವುದು ಇದಕ್ಕೆ ಪರಿಹಾರ.

ಮಾಹಿತಿಯ ಏಕರೂಪತೆ: ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ತೆರೆದಿರುವ ವೇಳೆ ಮತ್ತು ವಾರದ ರಜೆ ಎಲ್ಲೆಡೆ ಒಂದೇ ಆಗಿರಬೇಕು. ಗೂಗಲ್ ನಕ್ಷೆಯಲ್ಲಿ ಸಾರ್ವಜನಿಕರೂ ತಿದ್ದುಪಡಿಗಳನ್ನು ಸೂಚಿಸಬಹುದಾದ್ದರಿಂದ ಅಲ್ಲಿನ ವಿವರಗಳನ್ನು ಆಗಾಗ ನೋಡುವುದು ಅಗತ್ಯ.

ಭಾಷೆ: ಗ್ರಾಹಕರು ಯಾವ ಪದಗಳಿಂದ ಹುಡುಕುತ್ತಾರೆ ಎಂಬುದನ್ನು ಗಮನಿಸಲಾಗುತ್ತದೆ. ಉದಾಹರಣೆಗೆ ಇಳಕಲ್ ಸೀರೆಯ ಹೆಸರನ್ನು ‘ಇಲ್ಕಲ್’ ಎಂದೂ ಬರೆಯುವುದುಂಟು. ಚಿತ್ರದೊಳಗೆ ಮಾತ್ರ ಬೆಲೆ ಮತ್ತು ವಿವರಗಳನ್ನು ಮುದ್ರಿಸುವ ಬದಲು ಯೂನಿಕೋಡ್ ಕನ್ನಡದಲ್ಲಿ ಪಠ್ಯವಾಗಿಯೂ ನೀಡಿದರೆ, ಹುಡುಕಾಟದಲ್ಲಿ ದೊರೆಯುವುದು ಸುಲಭ. ದೃಷ್ಟಿದೋಷವುಳ್ಳವರು ಬಳಸುವ ಪಠ್ಯವಾಚಕ ತಂತ್ರಾಂಶಗಳಿಗೂ ಅನುಕೂಲ.

ಗ್ರಾಹಕರಿಗೆ ಉತ್ತರ: ವಿಚಾರಣೆಗಳಿಗೂ ದೂರುಗಳಿಗೂ ಎಷ್ಟು ಸಮಯದಲ್ಲಿ ಉತ್ತರ ದೊರೆತಿದೆ ಎಂಬುದನ್ನು ನೋಡಲಾಗುತ್ತದೆ. ಟೀಕೆಯನ್ನು ಅಳಿಸುವುದಕ್ಕಿಂತ ತಪ್ಪನ್ನು ಒಪ್ಪಿ, ಪರಿಹಾರವನ್ನು ತಿಳಿಸುವ ಉತ್ತರವು ಅದನ್ನು ಓದುವ ಇತರ ಗ್ರಾಹಕರಲ್ಲಿಯೂ ವಿಶ್ವಾಸ ಮೂಡಿಸುತ್ತದೆ.

ಅಳತೆ

ಅನುಯಾಯಿಗಳ ಸಂಖ್ಯೆಯೊಂದೇ ಯಶಸ್ಸಿನ ಮಾನದಂಡವಲ್ಲ. ಮೆಚ್ಚುಗೆ, ಪ್ರತಿಕ್ರಿಯೆ ಮತ್ತು ಹಂಚಿಕೆಗಳ ಮೊತ್ತವನ್ನು ಅನುಯಾಯಿಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸ್ಪಂದನೆಯ ಪ್ರಮಾಣ ದೊರೆಯುತ್ತದೆ. ಒಂದು ಪೋಸ್ಟ್‌ಗೆ 40 ಸ್ಪಂದನೆಗಳು ಬಂದರೆ, 10,000 ಅನುಯಾಯಿಗಳ ಖಾತೆಗೆ ಈ ಪ್ರಮಾಣ ಶೇ. 0.4, 800 ಅನುಯಾಯಿಗಳ ಖಾತೆಗೆ ಶೇ. 5. ಅನುಯಾಯಿಗಳ ಬದಲಿಗೆ ಪೋಸ್ಟ್ ತಲುಪಿದ ಖಾತೆಗಳ ಸಂಖ್ಯೆಯಿಂದ ಭಾಗಿಸುವ ಕ್ರಮವೂ ಇದೆ. ಹೋಲಿಕೆ ಮಾಡುವಾಗ ಒಂದೇ ಕ್ರಮವನ್ನು ಅನುಸರಿಸಬೇಕು. ಸ್ಥಳೀಯ ಅಂಗಡಿಗೆ ಇವೆಲ್ಲಕ್ಕಿಂತ ಬಂದ ಕರೆಗಳು, ದಾರಿ ಕೇಳಿದವರು ಮತ್ತು ಬೇಡಿಕೆಗಳ ಲೆಕ್ಕವೇ ಹೆಚ್ಚು ಉಪಯುಕ್ತ. ಹಣ ಕೊಟ್ಟು ಪಡೆದ ಅನುಯಾಯಿಗಳು ಸಂಖ್ಯೆಯನ್ನು ಹೆಚ್ಚಿಸುತ್ತಾರೆಯೇ ಹೊರತು ವ್ಯಾಪಾರವನ್ನಲ್ಲ.

ಕಾನೂನಿನ ಅಂಶಗಳು

ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆ ಸಂಬಂಧಿಸಿದ ಐಎಸ್ 19000:2022 ಎಂಬ ಮಾನಕವನ್ನು ರೂಪಿಸಿತು. ಆದ್ದರಿಂದ ಉತ್ಪ್ರೇಕ್ಷಿತ ಹೇಳಿಕೆಗಳು, ಬರೆಸಿದ ವಿಮರ್ಶೆಗಳು ಹಾಗೂ ಅನುಮತಿಯಿಲ್ಲದೆ ಬಳಸಿದ ಚಿತ್ರ, ಸಂಗೀತಗಳನ್ನು ಗುರುತಿಸಿ ತೆಗೆಯುವುದು ಪರಿಶೀಲನೆಯ ಅಂಗವಾಗಿದೆ.

ಮಿತಿಗಳು

ಜಾಲತಾಣಗಳು ಒದಗಿಸುವ ಅಂಕಿಅಂಶಗಳಿಂದ ಗ್ರಾಹಕರು ಖರೀದಿಸಿದ ಅಥವಾ ಖರೀದಿಸದಿರುವ ಕಾರಣ ಪೂರ್ಣವಾಗಿ ತಿಳಿಯದು. ಹಬ್ಬ, ಮದುವೆಯ ಕಾಲ, ಮಳೆಗಾಲಗಳ ಏರಿಳಿತವನ್ನು ಗಣನೆಗೆ ತೆಗೆದುಕೊಳ್ಳದೆ ಎರಡು ತಿಂಗಳುಗಳನ್ನು ಹೋಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವಿದೆ. ನಿರ್ವಹಿಸಲಾಗದಷ್ಟು ಖಾತೆಗಳಿದ್ದಲ್ಲಿ, ಗ್ರಾಹಕರು ಹೆಚ್ಚಾಗಿ ಬಳಸುವ ಒಂದೆರಡನ್ನು ಉಳಿಸಿಕೊಂಡು ಉಳಿದವುಗಳನ್ನು ಮುಚ್ಚುವುದೂ ಸುಧಾರಣೆಯ ಒಂದು ಕ್ರಮ.

ಇವನ್ನೂ ನೋಡಿ

ಸಾಮಾಜಿಕ ಮಾಧ್ಯಮ
ಮಾರುಕಟ್ಟೆ ಸಮೀಕ್ಷೆ
ಜಾಹೀರಾತು
ಗ್ರಾಹಕ ಸಂರಕ್ಷಣೆ