ಬೀಡುಕಬ್ಬಿಣ ಬಾಗಲು ಕಲಿತ ಬಗೆ

ಕರಗಿದೊಡನೆ ನೀರಿನಂತೆ ಹರಿದು ಅಚ್ಚಿನ ಮೂಲೆಮೂಲೆಯನ್ನೂ ತುಂಬುವ, ತಣಿದ ಮೇಲೆ ಅಪಾರ ಭಾರವನ್ನು ಅಚಲವಾಗಿ ಹೊರುವ ಬೀಡುಕಬ್ಬಿಣವು, ಬಲವಾದ ಪೆಟ್ಟೊಂದು ಬಿದ್ದರೆ ಬಾಗುವುದನ್ನರಿಯದೆ ಸಿಡಿದು ಹೋಳಾಗುತ್ತಿತ್ತು. ಈ ದೋಷದ ಮೂಲ ಅದರ ಗರ್ಭದಲ್ಲಿಯೇ ಇದ್ದಿತು. ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿರುವ ಇಂಗಾಲವು ಲೋಹ ಗಟ್ಟಿಯಾಗುವಾಗ ಗ್ರಾಫೈಟಿನ ತೆಳುವಾದ ಪದರಗಳಾಗಿ ಬೇರ್ಪಟ್ಟು, ಆ ಪದರಗಳ ಚೂಪಾದ ಅಂಚುಗಳೇ ಬಿರುಕಿಗೆ ದಾರಿಯಾಗುತ್ತಿದ್ದುವು.

ಇದಕ್ಕೆ ಪರಿಹಾರವನ್ನರಸಿದವರು ಹಲವರು. ಫ್ರಾನ್ಸಿನ ರಿಯೊಮ್ಯೂರನು ೧೭೨೨ರಲ್ಲಿ, ಎರಕದ ವಸ್ತುಗಳನ್ನು ದೀರ್ಘಕಾಲ ಕಾಸಿ ಮೃದುಗೊಳಿಸುವ ವಿಧಾನವನ್ನು ಗ್ರಂಥಸ್ಥಗೊಳಿಸಿದನು. ೧೮೨೬ರಲ್ಲಿ ಅಮೆರಿಕದ ನೆವಾರ್ಕಿನಲ್ಲಿ ಸೇತ್ ಬಾಯ್ಡನನು ತನ್ನದೇ ಕ್ರಮವೊಂದನ್ನು ಸಾಧಿಸಿದನು. ಆದರೆ ಈ ವಿಧಾನಗಳಿಗೆ ದಿನಗಟ್ಟಲೆ ಉರಿಯುವ ಕುಲುಮೆ ಬೇಕಾಗಿತ್ತು, ದಪ್ಪನೆಯ ಎರಕಗಳಿಗೆ ಅವು ಒದಗುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನಿಕ್ಕಲ್, ಕ್ರೋಮಿಯಂಗಳನ್ನು ಬೆರೆಸಿ, ಅದಿರನ್ನು ಅರೆಯುವ ಯಂತ್ರಗಳಿಗೆ ತಕ್ಕ ಸವೆಯದ ಬೀಡನ್ನು ಪಡೆದರು. ಅದರಿಂದ ಕಾಠಿಣ್ಯ ದೊರೆಯಿತೇ ಹೊರತು ನಮ್ಯತೆ ದೊರೆಯಲಿಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಕ್ರೋಮಿಯಂ ದುರ್ಲಭವಾಗಲು, ನ್ಯೂಜೆರ್ಸಿಯ ಬಯೋನ್ ಪಟ್ಟಣದಲ್ಲಿದ್ದ ಇಂಟರ್‌ನ್ಯಾಷನಲ್ ನಿಕ್ಕಲ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕೀತ್ ಮಿಲ್ಲಿಸ್ ಎಂಬ ತರುಣ ವಿಜ್ಞಾನಿಯು ಅದಕ್ಕೆ ಬದಲಿ ಧಾತುವನ್ನು ಹುಡುಕುತ್ತ, ೧೯೪೩ರಲ್ಲಿ ಕರಗಿದ ಕಬ್ಬಿಣಕ್ಕೆ ತಾಮ್ರದೊಡನೆ ಬೆರೆತ ಮೆಗ್ನೀಸಿಯಮನ್ನು ಸೇರಿಸಿದನು. ತಣಿದ ಎರಕದಲ್ಲಿ ಗ್ರಾಫೈಟು ಪದರಗಳಾಗಿರದೆ ದುಂಡನೆಯ ಮಣಿಗಳಾಗಿ ನಿಂತಿದ್ದಿತು. ಅಂಚೇ ಇಲ್ಲದ ಮಣಿಯಲ್ಲಿ ಬಿರುಕಿಗೆ ಆಸ್ಪದವೆಲ್ಲಿ? ಲೋಹವು ಮುರಿಯುವ ಮುನ್ನ ಬಾಗಿತು, ಹಿಗ್ಗಿತು.

ಇತ್ತ ಇಂಗ್ಲೆಂಡಿನ ಎರಕ ಸಂಶೋಧನ ಸಂಘದ ಹೆಂಟನ್ ಮೊರೊನು ಸೀರಿಯಂ ಧಾತುವಿನಿಂದ ಇದೇ ಫಲವನ್ನು ಸ್ವತಂತ್ರವಾಗಿ ಸಾಧಿಸಿದ್ದನು. ೧೯೪೮ರಲ್ಲಿ ಫಿಲಡೆಲ್ಫಿಯದಲ್ಲಿ ನೆರೆದ ಎರಕಗಾರರ ಸಮ್ಮೇಳನದಲ್ಲಿ ಮೊರೊನ ಪ್ರಬಂಧ ಮಂಡಿತವಾದಾಗ, ನಿಕ್ಕಲ್ ಸಂಸ್ಥೆಯವರು ಎದ್ದು ನಿಂತು ಮೆಗ್ನೀಸಿಯಮ್ಮಿನ ವಾರ್ತೆಯನ್ನು ಪ್ರಕಟಪಡಿಸಿದರು. ಮರುವರ್ಷ ಅಮೆರಿಕದ ಸ್ವಾಮ್ಯಪತ್ರವು ಮಿಲ್ಲಿಸ್ ಮತ್ತು ಆತನ ಸಹೋದ್ಯೋಗಿಗಳಿಗೆ ಲಭಿಸಿತು.

ಎರಕದಲ್ಲಿ ಉಳಿಯಬೇಕಾದ ಮೆಗ್ನೀಸಿಯಂ ನೂರಕ್ಕೆ ೦.೦೪ರ ಆಸುಪಾಸು ಮಾತ್ರ. ಅಷ್ಟು ಅಲ್ಪವಾದ ಧಾತುವು ಶತಶತಮಾನಗಳ ದೌರ್ಬಲ್ಯವನ್ನು ನೀಗಿತು. ಬೆಳಗಾವಿಯ ಫೌಂಡ್ರಿಗಳಲ್ಲಿ ‘ಎಸ್.ಜಿ. ಐರನ್’ ಎಂದು ಕರೆಯುವ ಲೋಹ ಇದೇ. ನಗರಗಳಿಗೆ ನೀರುಣಿಸುವ ಕೊಳವೆಗಳೂ ವಾಹನಗಳ ಭಾಗಗಳೂ ಇದರಿಂದಾಗುತ್ತಿವೆ. ಲೋಹದ ಬಲವನ್ನು ಅದರಲ್ಲಿ ಬೆರೆತ ಧಾತುವಿನ ಪ್ರಮಾಣದಿಂದ ಅಳೆಯುವುದು ಸಲ್ಲದು. ಆ ಧಾತು ಒಳಗಿನ ರಚನೆಯನ್ನು ಹೇಗೆ ತಿದ್ದಿತೆಂಬುದೇ ಬಲದ ನಿಜವಾದ ಅಳತೆ.