ನೋವಿಗೆ ಒಂದೇ ದಿನದ ‘ಕರೆಂಟು’

ಬೀದರ, ಕಲಬುರಗಿ, ರಾಯಚೂರಿನಿಂದ ಹೈದರಾಬಾದಿಗೆ ಬರುವವರಲ್ಲಿ ನೌಕರಿ, ವ್ಯಾಪಾರಗಳಿಗಾಗಿ ಬರುವವರಿರುವಂತೆ ಆಸ್ಪತ್ರೆಯ ಕಾಗದಗಳ ಚೀಲ ಹಿಡಿದು ಬರುವವರೂ ಇದ್ದಾರೆ. ಅಂಥವರಲ್ಲಿ ಕ್ಯಾನ್ಸರ್ ರೋಗಿಗಳು ಅನೇಕರು ರೆಡ್ ಹಿಲ್ಸ್‌ನ ಎಂ.ಎನ್.ಜೆ. ಆಸ್ಪತ್ರೆಯನ್ನು ಹುಡುಕಿಕೊಂಡು ಬರುತ್ತಾರೆ. ಈ ದಾರಿ ಹೊಸದಲ್ಲ. 1955ರಲ್ಲಿ ಆಸ್ಪತ್ರೆ ಸ್ಥಾಪನೆಯಾದಾಗ ಆ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮರುವರ್ಷ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು; ರೋಗಿಗಳ ದಾರಿ ಮಾತ್ರ ಹಾಗೆಯೇ ಉಳಿಯಿತು. ಆಸ್ಪತ್ರೆಗೆ ಹೆಸರು ಕೊಟ್ಟ ಮೆಹದಿ ನವಾಜ್ ಜಂಗ್ ಅವರು 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು.

ವಿಕಿರಣ ಚಿಕಿತ್ಸೆಗೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹೆಸರು ಕೇಳಿಯೇ ಹೆದರುವವರುಂಟು. ಆದರೆ ಅದು ವಿದ್ಯುತ್ತಲ್ಲ. ಕೊಡುವ ಹೊತ್ತಿನಲ್ಲಿ ರೋಗಿಗೆ ಏನೂ ತಾಗಿದಂತಾಗುವುದಿಲ್ಲ. ಇನ್ನೊಂದು ತಪ್ಪು ಕಲ್ಪನೆ ಇದಕ್ಕಿಂತ ದೊಡ್ಡದು: ರೋಗ ಗುಣವಾಗದೆಂದ ಮೇಲೆ ಕರೆಂಟಿನಿಂದೇನು ಪ್ರಯೋಜನ ಎಂಬುದು.

ಇತಿಹಾಸ ಬೇರೆಯನ್ನೇ ಹೇಳುತ್ತದೆ. ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಫ್ರಾನ್ಸಿನ ಲಿಯಾನ್ ನಗರದ ವೈದ್ಯ ಡೆಪೆನ್ಯ ಹೊಟ್ಟೆಯ ಕ್ಯಾನ್ಸರಿನ ರೋಗಿಯೊಬ್ಬರಿಗೆ ಅವನ್ನು ಪ್ರಯೋಗಿಸಿದರು. ರೋಗಿ ಉಳಿಯಲಿಲ್ಲ; ಆದರೆ ನೋವು ಇಳಿಯಿತೆಂದು ವೈದ್ಯರು ಬರೆದಿಟ್ಟರು. ಮುಂದೆ 1951ರಲ್ಲಿ ಕೆನಡದಲ್ಲಿ ಕೋಬಾಲ್ಟ್ ಯಂತ್ರ ಬಳಕೆಗೆ ಬಂತು; 1957ರಲ್ಲಿ ಮದರಾಸಿನ ಅಡಯಾರ್ ಕ್ಯಾನ್ಸರ್ ಸಂಸ್ಥೆಗೂ ಬಂತು.

ಕ್ಯಾನ್ಸರ್ ಎಲುಬಿಗೆ ಹಬ್ಬಿದಾಗಿನ ನೋವು ಬಹು ಕಠಿಣ. ಕಿರಣಗಳು ಅಲ್ಲಿನ ರೋಗಕಣಗಳನ್ನು ಕೊಂದು, ಉರಿಯೂತವನ್ನೂ ನೋವು ಹುಟ್ಟಿಸುವ ರಸಾಯನಗಳನ್ನೂ ತಗ್ಗಿಸುತ್ತವೆ. ಬಹುಕಾಲ ಇದಕ್ಕೆ ಐದು, ಹತ್ತು ದಿನಗಳ ಚಿಕಿತ್ಸೆ ಕೊಡುವ ರೂಢಿಯಿತ್ತು. 1999ರಲ್ಲಿ ಹಾಲೆಂಡಿನಲ್ಲಿ 1171 ರೋಗಿಗಳ ಅಧ್ಯಯನ ಪ್ರಕಟವಾಯಿತು. ಒಂದೇ ಸಲ ಕೊಟ್ಟ 8 ಗ್ರೇ ವಿಕಿರಣವು ಆರು ಸಲ ಕೊಟ್ಟ 24 ಗ್ರೇಯಷ್ಟೇ ನೋವು ಇಳಿಸಿತ್ತು. ಅದೇ ವರ್ಷ ಬ್ರಿಟನ್ನಿನ ಅಧ್ಯಯನವೂ ಇದನ್ನೇ ಕಂಡಿತು. ಒಂದು ಸಲ ಪಡೆದವರಿಗೆ ಮುಂದೆ ಮತ್ತೆ ಬೇಕಾಗುವ ಸಂಭವ ಹೆಚ್ಚು ಎಂಬುದೂ ನಿಜ.

ನಮ್ಮವರಿಗೆ ಇದರ ಬೆಲೆ ಎಷ್ಟೆಂದು ನಾವು ಬಲ್ಲೆವು. ಹತ್ತು ದಿನವೆಂದರೆ ಕೋಣೆಯ ಬಾಡಿಗೆ, ಆಟೋ ಖರ್ಚು, ಜೊತೆಗೆ ಬಂದವರ ಕೂಲಿ ನಷ್ಟ. ಒಂದು ದಿನವೆಂದರೆ ಕಾಕಾ ಬೇಗ ಊರಿಗೆ ಮರಳಿ ತನ್ನ ಮನೆಯ ಪಡಸಾಲೆಯಲ್ಲೇ ಮಲಗಬಹುದು. ಎಲುಬು ಮುರಿಯುವಂತಿದ್ದರೆ ಅಥವಾ ಬೆನ್ನುಹುರಿ ಒತ್ತಿದ್ದರೆ ಚಿಕಿತ್ಸೆ ಬೇರೆಯಾಗಬಹುದು. ಆ ನಿರ್ಧಾರ ವೈದ್ಯರದು.

ಫಲ ಅಂದೇ ಕಾಣುವುದಿಲ್ಲ. ಕೆಲವರಿಗೆ ಮೊದಲೆರಡು ದಿನ ನೋವು ಹೆಚ್ಚುವುದೂ ಉಂಟು. ಉಪಶಮನಕ್ಕೆ ಒಂದರಿಂದ ನಾಲ್ಕು ವಾರ ಬೇಕಾದೀತು. ಅಲ್ಲಿಯವರೆಗೆ ವೈದ್ಯರು ಬರೆದುಕೊಟ್ಟ ಗುಳಿಗೆಗಳನ್ನು, ಅದು ಮಾರ್ಫಿನ್ ಆದರೂ, ಅಂಜಿ ಬಿಡಬಾರದು. ಅಂಥ ಔಷಧಿ ಆಸ್ಪತ್ರೆಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು.

ಊರಿನಿಂದ ಬಂದ ಬಂಧುಗಳಿಗೆ ಭಾಷೆ ತೊಡಕಾದಾಗ ಅವರ ಪರವಾಗಿ ಮಾತಾಡುವವರು ನಾವೇ ತಾನೆ? ‘ಗುಣವಾಗುತ್ತದೆಯೇ?’ ಎಂದು ಕೇಳಿ ಸುಮ್ಮನಾಗದೆ, ‘ನೋವಿಗೆ ಏನು ಮಾಡಬಹುದು, ಒಂದೇ ಸಲದಲ್ಲಿ ಆದೀತೇ?’ ಎಂದೂ ಕೇಳೋಣ.