ಥೇಮ್ಸ್ ಅಳಿವೆಯಲ್ಲಿ ಕಳೆದುಹೋದ ಆಕ್ಸ್‌ಫರ್ಡ್ ವಿಮಾನ
5 ಜನವರಿ 1941

ಏರ್‌ಸ್ಪೀಡ್ ಆಕ್ಸ್‌ಫರ್ಡ್ ಎರಡು ಎಂಜಿನ್‌ಗಳ, ಬಹುಪಾಲು ಮರದಿಂದ ಕಟ್ಟಿದ ತರಬೇತಿ ವಿಮಾನ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪೈಲಟ್‌ಗಳಷ್ಟೇ ಅಲ್ಲ, ದಿಕ್ಕು ನೋಡುವವರು, ಬಾಂಬ್ ಹಾಕುವವರು, ರೇಡಿಯೊ ನಡೆಸುವವರು ಕೂಡ ಇದರಲ್ಲೇ ಪಳಗಿದರು.

ಇಂಥದೊಂದು ವಿಮಾನವನ್ನು ಕಿಡ್ಲಿಂಗ್ಟನ್ ವಾಯುನೆಲೆಗೆ ತಲುಪಿಸಲು ಅಂದು ಬೆಳಗ್ಗೆ ಬ್ಲ್ಯಾಕ್‌ಪೂಲ್‌ನಿಂದ ಹೊರಟವರು ಏಮಿ ಜಾನ್ಸನ್. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ. ಆ ದಾರಿಯಲ್ಲಿ ಕರಾಚಿ, ಝಾನ್ಸಿ, ಕಲ್ಕತ್ತೆಗಳಲ್ಲಿ ಇಳಿದಿದ್ದರು. ಯುದ್ಧ ಬಂದಾಗ ಅಷ್ಟು ಹೆಸರಾದವರಿಗೆ ಸಿಕ್ಕಿದ್ದು ವಿಮಾನ ಸಾಗಿಸುವ ಕೆಲಸ. ಅದೇನೂ ಸುಲಭದ್ದಲ್ಲ: ರೇಡಿಯೊ ಇಲ್ಲ, ನೆಲ ನೋಡಿಕೊಂಡೇ ದಾರಿ ಹಿಡಿಯಬೇಕು.

ಸುಮಾರು ಒಂದು ಗಂಟೆಯ ಹಾದಿ. ಅಂದು ಮೋಡ ಕವಿದು ನೆಲವೇ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ದಾರಿಯಿಂದ ಬಹುದೂರ, ಥೇಮ್ಸ್ ಅಳಿವೆಯಲ್ಲಿ, ಹರ್ನ್ ಬೇ ಎದುರಿನ ಸಮುದ್ರದ ಮೇಲೆ ಪ್ಯಾರಾಚೂಟ್ ಒಂದು ಇಳಿಯುವುದನ್ನು ಹಡಗುಗಳ ಸಾಲಿನಲ್ಲಿದ್ದ ನಾವಿಕರು ಕಂಡರು. ‘ಹೇಸಲ್ಮಿಯರ್’ ಹಡಗು ಹತ್ತಿರ ಬಂದರೂ ನೀರಿಗಿಳಿದ ಏಮಿಯನ್ನು ಮೇಲಕ್ಕೆತ್ತಲಾಗಲಿಲ್ಲ. ಕೊರೆಯುವ ನೀರಿಗೆ ತಾನೇ ಧುಮುಕಿದ ಹಡಗಿನ ಕಮಾಂಡರ್ ವಾಲ್ಟರ್ ಫ್ಲೆಚರ್ ಕೂಡ ಚಳಿಗೆ ಬಲಿಯಾದರು. ಮರಣೋತ್ತರವಾಗಿ ಅವರಿಗೆ ಆಲ್ಬರ್ಟ್ ಪದಕ ಸಂದಿತು.

ಏಮಿಯ ಚೀಲ ಸಿಕ್ಕಿತು, ದೇಹ ಸಿಗಲಿಲ್ಲ. ಇಂಧನ ಮುಗಿಯಿತೇ, ಬ್ರಿಟಿಷರೇ ಶತ್ರುವೆಂದು ಗುಂಡು ಹಾರಿಸಿದರೇ ಎಂಬ ವಾದ ಬ್ರಿಟನ್ನಿನಲ್ಲಿ ಇನ್ನೂ ಮುಗಿದಿಲ್ಲ. ಆಸ್ಟ್ರೇಲಿಯಾಕ್ಕೆ ಅವರನ್ನು ಒಯ್ದ ‘ಜೇಸನ್’ ವಿಮಾನ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ.